ಮೊದಲು ನೀರು, ಆಮೇಲೆ ಗಾಡಿ

ನನ್ನ ಅಣ್ಣನ ಮಗಳು ಭವ್ಯ ನರ್ಸಿಂಗ್ ಮುಗಿಸಿ ಈಗ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸೇರುವ ಹಿಂದಿನ ದಿನ ಫೋನ್ ಮಾಡಿ, "ಅತ್ತೆ, ಅಲ್ಲಿ ಏನ್ ಕೆಲ್ಸ ಇರುತ್ತೆ? ಬ್ಯಾಂಡೇಜ್ ಕಟ್ಟೋದು, ತಲೆನೋವಿಗೆ ಮಾತ್ರೆ ಕೊಡೋದು, ಅಷ್ಟೇ ತಾನೆ?" ಎಂದು ಕೇಳಿದಳು. ಅಷ್ಟೇ ಕಣೇ ಎಂದು ನಕ್ಕು ಫೋನ್ ಇಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಅಷ್ಟೇ ಆಗಿದ್ದರೆ ಇವತ್ತು ಬಸವೇಶ್ವರನಗರದ ಈ ಮನೆಯ ಜಗಲಿಯಲ್ಲಿ ಇಷ್ಟು ಬಿಂಕದಿಂದ ಕೂತಿರುತ್ತಿರಲಿಲ್ಲ ನಾನು. ಅವಳಿಗೆ ಫೋನಿನಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ. ಅವಳಂಥ ಬೇರೆ ಹುಡುಗಿಯರೂ ಓದಲಿ.

ನಾನು ಸೇರಿದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಗೆ. ಕಬ್ಬಿಣ ಕರಗಿಸಿ, ಮರಳಿನ ಅಚ್ಚುಗಳಿಗೆ ಹೊಯ್ದು, ಪಂಪುಗಳ ಹೊರಕವಚ ಮಾಡುವ ಜಾಗ. ಎರಡು ಸಾವಿರದ ಇಸವಿ ಆಗತಾನೆ ದಾಟಿತ್ತು. ಅದಕ್ಕೆ ಮೊದಲು ದೊಡ್ಡ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದಿದ್ದೆ. ಹೆರಿಗೆ, ಅಪಘಾತ, ಹಾವು ಕಡಿತ, ಬೆಂಕಿ ತಗುಲಿದವರು, ಎಲ್ಲ ನೋಡಿದ್ದೆ. ಬಿಸಿಲು ಬಡಿದು ಬಂದವರನ್ನು ನೋಡಿದ ನೆನಪು ಮಾತ್ರ ಇಲ್ಲ. ಬೆಂಗಳೂರು ತಂಪು ಊರು ಎನ್ನುವ ಗುಂಗಿನಲ್ಲೇ ಬೆಳೆದವರು ನಾವು. ಬೇಸಿಗೆ ಎಂದರೆ ಮಾವಿನಕಾಯಿ, ರಜ, ಸಂಜೆಗೆ ಒಂದು ಮಳೆ.

ಫೌಂಡ್ರಿಯೊಳಗೆ ಕಾಲಿಟ್ಟ ಮೊದಲ ದಿನವೇ ಆ ಗುಂಗು ಇಳಿಯಿತು. ಮೇಲೆ ಸಿಮೆಂಟ್ ಶೀಟಿನ ಸೂರು, ಕೆಳಗೆ ಬೆಂದ ಮರಳು, ನಡುವೆ ಕುಲುಮೆ. ಹೊರಗಿನ ಬಿಸಿಲು ಸೂರಿನಿಂದ ಇಳಿಯುತ್ತಿತ್ತು, ಒಳಗಿನ ಬಿಸಿ ಮೇಲೇಳುತ್ತಿತ್ತು. ಎರಡರ ನಡುವೆ ಮನುಷ್ಯರು ಓಡಾಡುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನ ಕನ್ನಡಕದ ಚೌಕಟ್ಟು ಕೆನ್ನೆ ಸುಡುವಷ್ಟು ಬಿಸಿಯಾಯಿತು. ಯೂನಿಫಾರಂ ಬೆನ್ನಿಗೆ ಅಂಟಿಕೊಂಡಿತು.

ಫೋರ್‌ಮನ್ ನಂಜಪ್ಪ ನನ್ನನ್ನು ನೋಡಿ ನಕ್ಕರು. ಬೆಂಗಳೂರಿನ ಅಂಚಿನ ಉಲ್ಲಾಳದ ಹಳೆಯ ಒಕ್ಕಲು ಮನೆತನದವರು. ಬೆಳಿಗ್ಗೆ ಹಸು ಕರೆದು, ಹಾಲು ಹಾಕಿ, ಬಸ್ಸು ಹತ್ತಿ ಕೆಲಸಕ್ಕೆ ಬರುತ್ತಿದ್ದ ಗಟ್ಟಿ ಆಳು.

"ಏನ್ ಸಿಸ್ಟರ್, ಇಲ್ಲೇ ನಿಂತ್ಕಂಬುಟ್ರಿ? ಒಳೀಕ್ ಬನ್ನಿ. ನಾವೇನ್ ಇಲ್ಲೇ ಬೇಯ್ತಾ ಇಲ್ವಾ?"

"ಇಷ್ಟು ಕಾವಲ್ಲಿ ಯಾರಿಗೂ ಏನೂ ಆಗಲ್ವಾ ನಂಜಪ್ಪನೋರೇ?"

"ಏನಾಯ್ತದೆ? ಒಸಿ ತಲೆ ಸುತ್ತುತ್ತೆ. ಈರುಳ್ಳಿ ಮೂಸುಸ್ತೀವಿ, ಎದ್ ಕೂತ್ಕತಾರೆ."

ಅದು ತಮಾಷೆಯ ಮಾತಲ್ಲ. ಕುಲುಮೆಯ ಪಕ್ಕದ ಗೂಡಿನಲ್ಲಿ ನಿಜವಾಗಿಯೂ ಒಂದು ಈರುಳ್ಳಿ ಇರುತ್ತಿತ್ತು. ನನ್ನ ಕೋಣೆಯಲ್ಲಿ ಅದಕ್ಕಿಂತ ತುಸು ಮೇಲಾದ ಚಿಕಿತ್ಸೆ ಇತ್ತು: ದೊಡ್ಡ ಗಾಜಿನ ಸೀಸೆಯ ತುಂಬ ಉಪ್ಪಿನ ಮಾತ್ರೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಆದ್ದರಿಂದ ಉಪ್ಪು ನುಂಗಿಸಬೇಕು ಎನ್ನುವುದು ಹಿಂದಿನವರು ಬಿಟ್ಟುಹೋದ ಪದ್ಧತಿ. ನಾನೂ ಅದನ್ನೇ ಮುಂದುವರಿಸಿದೆ. ಖಾಲಿ ಹೊಟ್ಟೆಯಲ್ಲಿ, ಒಂದು ಗುಟುಕು ನೀರಿನ ಜೊತೆ ಮಾತ್ರೆ ನುಂಗಿ ಹೋದವರು ಅರ್ಧ ಗಂಟೆಯಲ್ಲಿ ವಾಂತಿ ಮಾಡುತ್ತಾ ವಾಪಸು ಬರುತ್ತಿದ್ದರು. ತಲೆ ಸುತ್ತುವುದಕ್ಕೆ ಮದ್ದು ತೆಗೆದುಕೊಂಡು ಹೊಟ್ಟೆ ತೊಳಸಿಕೊಂಡು ಬರುವ ಜನ! ಸೀಸೆಯನ್ನು ಒಳಗಿಟ್ಟು ಓ.ಆರ್.ಎಸ್. ಪೊಟ್ಟಣ ತರಿಸಿದೆ. ಅದರಲ್ಲೂ ಎಡವಿದೆ. ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಎಂದು ಬಾಯಲ್ಲಿ ಹೇಳಿ ಕೊಟ್ಟುಬಿಟ್ಟೆ. ಸಂಜೆ ನೋಡಿದರೆ ಪೊಟ್ಟಣ ಹರಿದು ಅಂಗೈಗೆ ಸುರಿದುಕೊಂಡು ನೆಕ್ಕುತ್ತಿದ್ದಾರೆ. ಒಬ್ಬನಂತೂ ಟೀಗೆ ಬೆರೆಸಿಕೊಂಡಿದ್ದ. "ಚೆನ್ನಾಗಿಲ್ಲ ಸಿಸ್ಟರ್, ಸಕ್ಕರೆ ಕಮ್ಮಿ" ಎಂದು ದೂರು ಬೇರೆ. ಮಾರನೆಯ ದಿನದಿಂದ ನಾನೇ ಬಿಂದಿಗೆಯಲ್ಲಿ ಬೆರೆಸಿ ಒಳಗೆ ಕಳಿಸತೊಡಗಿದೆ. ಜೊತೆಗೆ ಕ್ಯಾಂಟೀನಿನಿಂದ ನೀರು ಮಜ್ಜಿಗೆ, ಉಪ್ಪು ಹಾಕಿ. ಓ.ಆರ್.ಎಸ್. ಬಿಂದಿಗೆ ಅರ್ಧ ಉಳಿಯುತ್ತಿತ್ತು, ಮಜ್ಜಿಗೆ ಒಂದು ತೊಟ್ಟೂ ಉಳಿಯುತ್ತಿರಲಿಲ್ಲ.

ಇಷ್ಟರಲ್ಲೇ ನಾನು ತೃಪ್ತಳಾಗಿಬಿಡುತ್ತಿದ್ದೆನೋ ಏನೋ. ಶರಣಪ್ಪ ಅದಕ್ಕೆ ಬಿಡಲಿಲ್ಲ.

ಶರಣಪ್ಪ ರಾಯಚೂರು ಕಡೆಯವನು. ಹೆಂಡತಿ ನೀಲಮ್ಮನ ಜೊತೆ ಮಲ್ಲತ್ತಹಳ್ಳಿಯ ಕೆರೆಯ ಹತ್ತಿರ ಒಂದು ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ. ಕುಲುಮೆಗೆ ಕಬ್ಬಿಣದ ಚೂರು ತುಂಬುವ ಕೆಲಸ, ಅಂದರೆ ಇಡೀ ಕಾರ್ಖಾನೆಯಲ್ಲಿ ಬೆಂಕಿಗೆ ಅತಿ ಹತ್ತಿರದ ಕೆಲಸ. ಎತ್ತರದ ಆಳು, ನಗುಮುಖ, ಯಾರ ಜೊತೆಗೂ ಜಗಳವಿಲ್ಲ. ನಾನು ಮಜ್ಜಿಗೆ ತಂದಾಗಲೆಲ್ಲ ಬೇರೆಯವರಿಗೆ ದಾಟಿಸಿಬಿಡುತ್ತಿದ್ದ.

"ನೀನೂ ಕುಡಿ ಶರಣಪ್ಪ."

"ನಮಗ್ಯಾಕ್ರೀ ಅಕ್ಕಾರ? ನಮ್ಮ ಕಡಿ ಬಿಸಿಲ ಮುಂದ ಇದು ನೆಳ್ಳಾಗ ಕುಂತಂಗ ಐತ್ರಿ. ಈ ಬೆಂಗ್ಳೂರು ಮಂದಿಗೆ ಕೊಡ್ರಿ, ಪಾಪ."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವನು ಹೇಳುವುದು ನಿಜವೆಂದೇ ತಿಳಿದಿದ್ದೆ.

ಒಂದು ವರ್ಷ ಯುಗಾದಿಗೆ ಮುಂಚೆ ಅವನು ತಂಗಿಯ ಮದುವೆಗೆಂದು ಊರಿಗೆ ಹೋದ. ಅಲ್ಲಿ ಭೇದಿ, ಜ್ವರ ಹಿಡಿದು ಮಲಗಿದನಂತೆ. ಹೋದವನು ವಾಪಸು ಬಂದದ್ದು ಹಬ್ಬ ಕಳೆದು ಬಿಸಿಲು ಏರಿದ ಮೇಲೆ. ಆ ವಾರ ದೊಡ್ಡ ಆರ್ಡರ್ ಒಂದು ಮುಗಿಸಬೇಕಿತ್ತು. ಬಂದವನನ್ನು ನಂಜಪ್ಪ ನೇರ ಕುಲುಮೆಗೆ ಹಾಕಿದರು. ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ಊಟದ ಹೊತ್ತು ಮುಗಿದು ಸ್ವಲ್ಪವೇ ಆಗಿತ್ತು, ಒಳಗಿನಿಂದ ಕೂಗಾಟ ಕೇಳಿಸಿತು.

ಓಡಿದೆ. ಶರಣಪ್ಪ ಸಲಿಕೆ ಹಿಡಿದುಕೊಂಡು ಜೊತೆಯವನನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಕಾಲು ತೊಡರುತ್ತಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು. ಸಲಿಕೆ ಬೀಸಿದ ರಭಸಕ್ಕೆ ತಾನೇ ವಾಲಿದ. ಇಬ್ಬರು ಹಿಂದಿನಿಂದ ಹಿಡಿದುಕೊಂಡರು.

"ಮಟಮಟ ಮಧ್ಯಾಹ್ನನೇ ಎಣ್ಣೆ ಹೊಡ್ಕಂಡ್ ಬಂದವ್ನೆ ನನ್ಮಗ" ಎಂದರು ನಂಜಪ್ಪ. "ಎಳ್ಕಂಡೋಗಿ ಗೇಟಾಚೆ ಕೂರುಸ್ರಲಾ. ಇಳೀಲಿ ಅಮಲು."

ನಾನು ಹತ್ತಿರ ಹೋಗಿ ಬಾಯಿ ಮೂಸಿದೆ. ಹೆಂಡದ ವಾಸನೆ ಇರಲಿಲ್ಲ. ಕುತ್ತಿಗೆಗೆ ಕೈಯಿಟ್ಟೆ. ಒಲೆಯ ಮೇಲಿಂದ ಇಳಿಸಿದ ಪಾತ್ರೆ ಮುಟ್ಟಿದಂತಾಯಿತು. ಮೈಯೆಲ್ಲ ಬೆವರು ಸುರಿಯುತ್ತಿತ್ತು. ನಾವು ಓದಿದ್ದ ಪುಸ್ತಕಗಳಲ್ಲಿ ಬಿಸಿಲು ಬಡಿದವರ ಚರ್ಮ ಒಣಗಿರುತ್ತದೆ ಎಂದಿತ್ತು. ಹುಡುಗಿಯರೇ, ಇದನ್ನು ನೆನಪಿಡಿ: ದುಡಿಯುತ್ತಾ ಬಿದ್ದವರು ತೊಯ್ದು ತೊಪ್ಪೆಯಾಗಿರಬಹುದು. ಒಣಗಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡು ಕೂರಬೇಡಿ. ನೋಡಬೇಕಾದದ್ದು ಮೈ ಕಾವು ಮತ್ತು ಮಾತು. ಸಾಧು ಮನುಷ್ಯ ಜಗಳಕ್ಕೆ ನಿಂತರೆ, ಮಾತಾಳಿ ಮಂಕಾದರೆ, ಕೇಳಿದ್ದೊಂದಕ್ಕೆ ಹೇಳುವುದು ಇನ್ನೊಂದಾದರೆ, ಕಾವು ತಲೆಗೇರಿದೆ ಎಂದೇ ತಿಳಿಯಿರಿ.

"ಶರಣಪ್ಪ, ನಾನ್ಯಾರು?" ಎಂದೆ.

ಅವನು ನನ್ನನ್ನು ನೋಡಿ, "ಅವ್ವಾ, ಎತ್ತು ಬಿಚ್ಚೀಯೇನ?" ಎಂದ. ಅಷ್ಟು ಹೇಳಿ ಕುಸಿದ.

ಯಾರೋ ಬಕೆಟ್ ನೀರು ತಂದರು. ನಂಜಪ್ಪ ತಂದವನ ಕೈಯಿಂದ ಅದನ್ನು ಕಿತ್ತುಕೊಂಡರು. ಆ ಒಂದು ಕೆಲಸಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಕರಗಿದ ಕಬ್ಬಿಣ ನೀರಿನ ಮೇಲೆ ಬಿದ್ದರೆ ಬಾಂಬಿನಂತೆ ಸಿಡಿಯುತ್ತದೆ. ಕುಲುಮೆಯ ಪಕ್ಕ ನೀರು ಚೆಲ್ಲಿದ್ದರೆ ಒಬ್ಬನ ಬದಲು ಹತ್ತು ಜನ ಹೋಗುತ್ತಿದ್ದರು. "ಹೊರೀಕ್ ಎತ್ಕಳಿ, ಹೊರೀಕ್!" ಎಂದು ಅವರು ಗರ್ಜಿಸಿದರು. ನಾಲ್ಕು ಜನ ಅವನನ್ನು ಹೊತ್ತು ಅಂಗಳದ ಹೊಂಗೆ ಮರದ ಕೆಳಗೆ, ಗಾಡಿ ತೊಳೆಯುವ ಕಲ್ಲುಹಾಸಿನ ಮೇಲೆ ಮಲಗಿಸಿದರು.

ಅಷ್ಟರಲ್ಲಿ ಮ್ಯಾನೇಜರ್ ಶ್ರೀಕಂಠಯ್ಯನವರು ಬಂದರು. ಒಳ್ಳೆಯ ಎಂಜಿನಿಯರು, ಶಿಸ್ತಿನ ಮನುಷ್ಯ, ಹೆದರಿದಾಗ ಧ್ವನಿ ಏರುತ್ತಿತ್ತು. ಕಂಪನಿಯ ಮೆಟಡಾರ್ ವ್ಯಾನನ್ನು ಅವರೇ ಗೇಟಿಗೆ ತರಿಸಿದ್ದರು.

"ಎತ್ತಿ ಹಾಕಿ, ಎತ್ತಿ ಹಾಕಿ. ಆಸ್ಪತ್ರೆಗೆ ಹೋಗಲಿ. ಸಿಸ್ಟರ್, ನೀವೂ ಹತ್ತಿ."

"ಈಗ ಬೇಡ ಸಾರ್."

"ಏನು?"

"ಈಗ ಗಾಡಿಗೆ ಹಾಕಬಾರದು. ಮೊದಲು ಮೈ ತಣಿಸಬೇಕು."

ಅವರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅದರಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ಸಿಸ್ಟರ್, ಆ ಮನುಷ್ಯನಿಗೆ ಪ್ರಜ್ಞೆ ಇಲ್ಲ. ಇಲ್ಲೇ ಏನಾದರೂ ಆದರೆ ಯಾರು ಜವಾಬ್ದಾರಿ? ನೀವು ಡಾಕ್ಟರಾ?"

ನಾನು ಡಾಕ್ಟರಲ್ಲ. ಆದರೆ ಹಿಂದಿನ ಆಸ್ಪತ್ರೆಯಲ್ಲಿ ಒಬ್ಬ ದೊಡ್ಡ ಡಾಕ್ಟರ ಕೈಕೆಳಗೆ ಇದ್ದೆ. ಅವರು ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಮರುಭೂಮಿಯಲ್ಲಿ ಸೈನಿಕರನ್ನು ನಡೆಸುವಾಗ ಬಿದ್ದವರ ಕತೆಗಳನ್ನು ರೌಂಡ್ಸ್ ಮುಗಿದ ಮೇಲೆ ಹೇಳುತ್ತಿದ್ದರು. ಬಿದ್ದಲ್ಲೇ ಮೈ ತಣಿದವರು ಉಳಿದರು, ಬಿಸಿ ಬಿಸಿಯಾಗಿಯೇ ಲಾರಿಗೆ ಹಾಕಿಸಿಕೊಂಡವರು ದಾರಿಯಲ್ಲೇ ಸತ್ತರು ಎನ್ನುತ್ತಿದ್ದರು. ಆಗ ಅದು ನನಗೆ ಬರೀ ಕತೆ. ಆ ಮಧ್ಯಾಹ್ನ ಮಾಗಡಿ ರೋಡಿನ ಟೋಲ್‌ಗೇಟ್ ಸಿಗ್ನಲ್ ನೆನಪಾಯಿತು. ತಗಡಿನ ವ್ಯಾನು, ಒಳಗೆ ಗಾಳಿಯಿಲ್ಲ, ಮುಂದೆ ಸಾಲು ಸಾಲು ಬಸ್ಸು. ಫೋನ್ ಮಾಡಿದರೆ ಬಂದು ನಿಲ್ಲುವ ಈಗಿನಂಥ ಆಂಬುಲೆನ್ಸ್ ಆಗ ಇರಲಿಲ್ಲ.

"ಗಾಡೀಲಿ ಹಾಕಿದ್ರೆ ಆಸ್ಪತ್ರೆ ಸೇರೋ ಹೊತ್ತಿಗೆ ಮಿದುಳು ಬೆಂದಿರುತ್ತೆ ಸಾರ್. ನನಗೆ ನೀರು ಬೇಕು, ಐಸ್ ಬೇಕು. ಜವಾಬ್ದಾರಿ ನನ್ನದು."

ಧ್ವನಿ ಗಟ್ಟಿಯಾಗಿತ್ತು.

ಶ್ರೀಕಂಠಯ್ಯನವರು ಬಗ್ಗಿ ಶರಣಪ್ಪನ ಮುಖ ನೋಡಿದರು. ಆಮೇಲೆ ಡ್ರೈವರ್ ಕಡೆ ತಿರುಗಿ, "ಗಾಡಿ ಸ್ಟಾರ್ಟ್‌ನಲ್ಲೇ ಇರಲಿ. ಐಸ್ ತನ್ನಿ ಯಾರಾದರೂ" ಎಂದರು.

ಗೇಟಿನೆದುರು ಕಬ್ಬಿನ ಹಾಲಿನ ಗಾಡಿ ಇತ್ತು. ನಂಜಪ್ಪ ಆ ಮೈಕಟ್ಟಿನಲ್ಲಿ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಆಮೇಲೆ ನೋಡಲಿಲ್ಲ. ಗಾಡಿಯವನ ಗೋಣಿಚೀಲದಲ್ಲಿದ್ದ ಐಸ್ ದಿಮ್ಮಿಯನ್ನೇ ಎದೆಗಪ್ಪಿಕೊಂಡು ಬಂದರು. ನಾನು ಕತ್ತರಿಯಿಂದ ಶರಣಪ್ಪನ ಅಂಗಿ ಸೀಳಿ ತೆಗೆದೆ. ಗಾಡಿ ತೊಳೆಯುವ ಪೈಪಿನಿಂದ ತಲೆಯಿಂದ ಕಾಲವರೆಗೆ ಎಡೆಬಿಡದೆ ನೀರು ಬಿಡಿಸಿದೆ. ಇಬ್ಬರು ರಟ್ಟಿನ ಹಾಳೆಯಿಂದ ಗಾಳಿ ಹಾಕಿದರು. ಐಸ್ ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ಕಂಕುಳಿಗೆ, ಕುತ್ತಿಗೆಗೆ, ತೊಡೆಯ ಸಂದಿಗೆ ಇಟ್ಟೆವು. ಬಾಯಿಗೆ ನೀರು ಹಾಕಲು ಬಂದವರನ್ನು ತಡೆದೆ. ಎಚ್ಚರವಿಲ್ಲದವನಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಮ್ಮೆ ವಾಂತಿಯಾಯಿತು. ಮಗ್ಗುಲಿಗೆ ತಿರುಗಿಸಿ ಬಾಯಿ ಒರೆಸಿದೆ.

ಎಷ್ಟು ಹೊತ್ತು ಹಾಗೆ ಮಾಡಿದೆವೋ ಗೊತ್ತಿಲ್ಲ. ಶ್ರೀಕಂಠಯ್ಯನವರು ವಾಚು ನೋಡುತ್ತಾ ಅತ್ತಿಂದಿತ್ತ ನಡೆಯುತ್ತಿದ್ದರು. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು. ನೀರು ಬೀಳುವ ಸದ್ದು, ವ್ಯಾನಿನ ಸದ್ದು, ಅಷ್ಟೇ. ಕೊನೆಗೆ ಶರಣಪ್ಪನಿಗೆ ಚಳಿ ಹಿಡಿದಂತೆ ಮೈ ನಡುಗಿತು. ಕಣ್ಣು ಬಿಟ್ಟ. ಸುತ್ತ ನೋಡಿದ.

"ಶರಣಪ್ಪ, ನಾನ್ಯಾರು?"

"ನರ್ಸಕ್ಕ" ಎಂದ, ತೊದಲುತ್ತ. "ಥಂಡಿ ಆಗಾಕತ್ತೈತ್ರಿ."

ಆಗ ಗಾಡಿಗೆ ಹಾಕಿದೆವು. ದಾರಿಯುದ್ದಕ್ಕೂ ಕಿಟಕಿ ತೆಗೆದು, ಒದ್ದೆ ಬಟ್ಟೆ ಬದಲಿಸುತ್ತಾ ಹೋದೆ. ಟೋಲ್‌ಗೇಟ್‌ನಲ್ಲಿ ನಾನು ಹೆದರಿದಂತೆಯೇ ವಾಹನಗಳ ನಡುವೆ ಸಿಕ್ಕಿಕೊಂಡೆವು. ಆದರೆ ಆಗ ಅವನು ನನ್ನ ಜೊತೆ ಮಾತಾಡುತ್ತಿದ್ದ. ಆಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ, ಮೂತ್ರಪಿಂಡದ ಮೇಲೆ ಕಣ್ಣಿಡಬೇಕೆಂದು ಕೆಲವು ದಿನ ಇರಿಸಿಕೊಂಡರು. "ತಣಿಸಿ ತಂದಿರಿ, ಉಳಿದ" ಎಂದರು. ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಅತ್ತೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಸಂತೋಷವೇ ಇರಬೇಕು.

ಮಾರನೆಯ ದಿನ ನೀಲಮ್ಮ ನನ್ನ ಕೋಣೆಗೆ ಬಂದಳು. ಕೈ ಮುಗಿದಳು, ಕಾಲಿಗೆ ಬೀಳಲು ಬಂದಳು, ತಡೆದೆ. ಎಲ್ಲ ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರ ಅಂಗಿ ಯಾಕ ಹರದ್ರಿ ಅಕ್ಕಾರ? ಮದುವ್ಯಾಗ ಹೊಲಿಸಿದ್ದು, ಹೊಸಾದ್ರಿ" ಎಂದಳು. ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಹಿಂದಿನ ದಿನದ ಭಯವೆಲ್ಲ ಹೊರಟುಹೋಯಿತು.

ಆದರೆ ಪ್ರಶ್ನೆ ಉಳಿದಿತ್ತು. ಬಿಸಿಲಿನ ನಾಡಿನ ಗಟ್ಟಿ ಆಳು ಯಾಕೆ ಬಿದ್ದ? ಆ ದೊಡ್ಡ ಡಾಕ್ಟರನ್ನು ಹುಡುಕಿಕೊಂಡು ವಿಜಯನಗರದ ಅವರ ಮನೆಗೆ ಹೋದೆ. ವಯಸ್ಸಾಗಿತ್ತು, ಆದರೆ ನೆನಪು ಚುರುಕಾಗಿತ್ತು. ಎಲ್ಲ ಕೇಳಿ ಹೇಳಿದರು: "ಮೈ ಶಾಖವನ್ನ ಕಲಿಯುತ್ತೆ ವಿಮಲಾ. ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಕಲಿಯುತ್ತೆ. ಬಿಟ್ರೆ ಮರೆತುಬಿಡುತ್ತೆ. ರಜೆ ಹೋಗಿ, ಭೇದಿಯಲ್ಲಿ ಸೊರಗಿ ಬಂದವನು ಹೊಸಬನೇ. ಅವನು ಯಾವ ಊರವನಾದ್ರೇನು?"

ಮುಂದಿನ ನನ್ನ ಕೆಲಸವೆಲ್ಲ ಆ ಮಾತಿನ ಮೇಲೆ ನಿಂತಿತು. ಹೊಸಬರನ್ನೂ ರಜೆಯಿಂದ, ಕಾಯಿಲೆಯಿಂದ ಬಂದವರನ್ನೂ ಮೊದಲ ವಾರ ಕುಲುಮೆಗೆ ಪೂರ್ತಿ ಹೊತ್ತು ಹಾಕಬಾರದು, ದಿನದಿಂದ ದಿನಕ್ಕೆ ಹೆಚ್ಚಿಸಬೇಕು ಎಂದು ಮ್ಯಾನೇಜರಿಗೆ ಹೇಳಿದೆ. ಇಬ್ಬಿಬ್ಬರು ಜೋಡಿಯಾಗಿ ಕೆಲಸ ಮಾಡಬೇಕು, ಯಾಕೆಂದರೆ ತನಗೆ ತಲೆ ಕೆಟ್ಟಿದೆ ಎಂದು ಕೆಟ್ಟ ತಲೆಗೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎರಕ ಹೊಯ್ಯುವುದನ್ನು ಬೆಳಗಿನ ಹೊತ್ತಿಗೇ ಮುಗಿಸಬೇಕು. ಶ್ರೀಕಂಠಯ್ಯನವರು ತಲೆ ಕೆರೆದುಕೊಂಡರು. ಪಾಳಿ ಬದಲಿಸುವುದೆಂದರೆ ಕರೆಂಟಿನಿಂದ ಹಿಡಿದು ಕ್ಯಾಂಟೀನಿನ ತಿಂಡಿಯವರೆಗೆ ಎಲ್ಲ ಬದಲಿಸಬೇಕು. ಒಂದು ವಾರ ನನ್ನನ್ನು ಕಂಡರೆ ದಾರಿ ತಪ್ಪಿಸಿ ಓಡಾಡಿದರು. ಆಮೇಲೆ ಒಂದು ಬೆಳಿಗ್ಗೆ ತಾವೇ ನನ್ನ ಕೋಣೆಗೆ ಬಂದು, ಕಾಗದದ ಮೇಲೆ ಸೂರಿನ ಚಿತ್ರ ಬರೆದು ತೋರಿಸಿದರು. "ಸಿಸ್ಟರ್, ನಿಮ್ಮ ಪಾಳಿ ಒಪ್ಪಿದೆ. ನನ್ನದೊಂದು ಐಡಿಯಾ ಕೇಳಿ. ಸೂರಿಗೆ ಸುಣ್ಣ ಬಳಿಸೋಣ, ಮೇಲೆ ಗಾಳಿಗೆ ತಿರುಗುವ ಬುರುಡೆಗಳನ್ನ ಕೂರಿಸೋಣ. ಬಿಸಿ ಗಾಳಿ ತಾನಾಗಿ ಹೊರಗೆ ಹೋಗುತ್ತೆ." ಅವರ ಕಣ್ಣಲ್ಲಿ ಕಾಲೇಜು ಹುಡುಗನ ಉತ್ಸಾಹ ಇತ್ತು. ಬೆಳ್ಳಗಾದ ಆ ಸೂರನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಮೇಲಿನವರಲ್ಲಿ ಎರಡು ಬಗೆ: ತಪ್ಪು ಯಾರದೆಂದು ಹುಡುಕುವವರು, ಮುಂದೆ ಏನು ಮಾಡೋಣ ಎಂದು ಹುಡುಕುವವರು. ಅವರು ಎರಡನೆಯ ಬಗೆ. ತುಸು ತಡವಾಗಿಯಾದರೂ.

ನಂಜಪ್ಪನವರು ಮಾತ್ರ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕುಡಿದಿದ್ದಾನೆ ಎಂದದ್ದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಶರಣಪ್ಪ ವಾಪಸು ಬಂದ ದಿನ ತಮ್ಮ ಕೈಯಿಂದಲೇ ಮಜ್ಜಿಗೆ ಲೋಟ ಅವನ ಮುಂದೆ ಹಿಡಿದರು. ಶರಣಪ್ಪ ಬೇರೆಯವರಿಗೆ ದಾಟಿಸಲು ಹೋದ.

"ಏಯ್, ಕುಡಿಯಲಾ! ನಿಮ್ಮೂರ್ ಬಿಸ್ಲಿನ್ ಕತೆ ಆಮ್ಯಾಕ್ ಹೇಳೀವಂತೆ."

ಅಂದಿನಿಂದ ಫೌಂಡ್ರಿಯಲ್ಲಿ ನನಗಿಂತ ಕಟ್ಟುನಿಟ್ಟಿನ ನರ್ಸ್ ಎಂದರೆ ನಂಜಪ್ಪನೇ. ಒಬ್ಬೊಬ್ಬನ ಮುಖ ನೋಡುತ್ತಾ ನಡೆಯುತ್ತಿದ್ದರು. ಯಾರಾದರೂ ಸುಮ್ಮನೆ ನಿಂತಿದ್ದರೆ ಊರು ಯಾವುದು, ಹೆಂಡತಿ ಹೆಸರೇನು ಎಂದು ಕೇಳಿ ಉತ್ತರ ಬರುವವರೆಗೆ ಬಿಡುತ್ತಿರಲಿಲ್ಲ. ಗೂಡಿನ ಈರುಳ್ಳಿಯನ್ನು ಅವರೇ ಕ್ಯಾಂಟೀನಿಗೆ ಕೊಟ್ಟುಬಂದರು.

ಇನ್ನೊಂದು ಸಂಗತಿ ಹೇಳದಿದ್ದರೆ ಹೆಂಗಸಾಗಿ ನಾನು ಬರೆದದ್ದಕ್ಕೆ ಅರ್ಥವಿಲ್ಲ.

ಅಚ್ಚಿನೊಳಗೆ ಕೂರಿಸುವ ಮರಳಿನ ತಿರುಳುಗಳನ್ನು ಮಾಡುವ ವಿಭಾಗಕ್ಕೆ ಕೋರ್ ಶಾಪ್ ಎನ್ನುತ್ತಿದ್ದರು. ಅಲ್ಲಿ ಬಹುಪಾಲು ಹೆಂಗಸರು. ಪಕ್ಕದಲ್ಲೇ ತಿರುಳುಗಳನ್ನು ಬೇಯಿಸುವ ಒಲೆ. ಬಿಂದಿಗೆ ಅಲ್ಲಿಗೂ ಹೋಗುತ್ತಿತ್ತು, ಆದರೆ ಹೋದಂತೆಯೇ ತುಂಬಿಕೊಂಡು ವಾಪಸು ಬರುತ್ತಿತ್ತು. ತಲೆನೋವು, ಉರಿಮೂತ್ರ, ಸೊಂಟನೋವು ಎಂದು ನನ್ನ ಬಳಿಗೆ ಬರುತ್ತಿದ್ದವರು ಅವರೇ ಹೆಚ್ಚು. ಒಂದು ದಿನ ಪುಟ್ಟತಾಯಮ್ಮ ಎನ್ನುವವಳು ತಲೆಸುತ್ತಿ ಗೋಡೆ ಹಿಡಿದು ಕೂತಳು. ಅವಳನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟು, ಎಚ್ಚರವಾಗಿದ್ದರಿಂದ ಗುಟುಕು ಗುಟುಕಾಗಿ ಕುಡಿಸಿ, ಬಯ್ದೆ.

"ನೀರು ಕಳಿಸಿದ್ರೆ ಯಾಕಮ್ಮಾ ಕುಡಿಯಲ್ಲ? ನಿಮಗೇನು ಬೆವರಲ್ವಾ?"

ಅವಳು ಬಾಗಿಲ ಕಡೆ ನೋಡಿ ಗಂಡಸರು ಇಲ್ಲವೆಂದು ಖಾತ್ರಿ ಮಾಡಿಕೊಂಡಳು. "ಕುಡುದ್ರೆ ಎಲ್ಲೋಗ್ಲಿ ಸಿಸ್ಟರ್? ನಮ್ ಕಡೆ ಇರೋ ಕಕ್ಕಸಿಗೆ ಚಿಲ್ಕ ಇಲ್ಲ, ನೀರಿಲ್ಲ. ಗಂಡಸ್ರು ಮುಂದೇನೇ ನಿಂತಿರ್ತಾರೆ. ಬೆಳಿಗ್ಗೆ ಮನೇಲ್ ಹೋದ್ರೆ ಸಾಯಂಕಾಲ ಮನೇಗ್ ಹೋಗೇ ಹೋಗಾದು."

ನಾನು ಅವಳ ಪಕ್ಕ ಕೂತುಬಿಟ್ಟೆ. ಅವರಿಗೆ ಬಿಂದಿಗೆ ಬಿಂದಿಗೆ ನೀರು ಕಳಿಸಿ ಬೀಗುತ್ತಿದ್ದವಳು ನಾನು.

ಸಂಜೆ ಶ್ರೀಕಂಠಯ್ಯನವರ ಕೋಣೆಗೆ ಹೋದೆ. ವಿಷಯ ಹೇಳುತ್ತಿದ್ದಂತೆ ಅವರು ಕಿಟಕಿಯಾಚೆ ನೋಡತೊಡಗಿದರು.

"ಇದನ್ನೆಲ್ಲಾ ನನ್ನ ಹತ್ತಿರ ಹೇಗಮ್ಮ ಹೇಳ್ತೀರಾ ನೀವು..."

"ಇನ್ಯಾರ ಹತ್ತಿರ ಹೇಳಲಿ ಸಾರ್? ಚಿಲಕ ಹಾಕಿಸೋ ಅಧಿಕಾರ ಇರೋದು ನಿಮಗೆ. ಒಲೆ ಮುಂದೆ ನೀರು ಕುಡಿಯದೆ ದಿನವೆಲ್ಲ ನಿಲ್ಲೋದು ಅವರು."

ಅವರು ಗಂಟಲು ಸರಿಮಾಡಿಕೊಂಡರು. "ಅಲ್ಲಿ ಹೊಸದು ಕಟ್ಟಿಸೋವರೆಗೆ ಆಫೀಸಿನದು ಉಪಯೋಗಿಸಲಿ" ಎಂದರು. ಆಫೀಸಿನ ಗುಮಾಸ್ತರು ಗೊಣಗಿದರು. ನಾನು ಆಫೀಸಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು ಹೆಂಗಸರನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದೆ. ಮಳೆಗಾಲ ಬರುವಷ್ಟರಲ್ಲಿ ಕೋರ್ ಶಾಪಿನ ಹಿಂದೆ ಚಿಲಕ, ನಲ್ಲಿ, ದೀಪ ಎಲ್ಲ ಇರುವ ಹೊಸ ಕಟ್ಟಡ ಎದ್ದಿತು. ಅಲ್ಲಿಂದ ಮುಂದೆ ಕೋರ್ ಶಾಪಿನ ಬಿಂದಿಗೆ ಖಾಲಿಯಾಗಿ ಬರತೊಡಗಿತು. ಆಸ್ಪತ್ರೆಯಲ್ಲಿ ನನಗೆ ಬಂದ ಯಾವ ಬಡ್ತಿಯೂ ಆ ಖಾಲಿ ಬಿಂದಿಗೆಯಷ್ಟು ಖುಷಿ ಕೊಟ್ಟಿರಲಿಲ್ಲ.

ಬಿಸಿಲಿಗೆ ಮದ್ದು ನೀರು ಎನ್ನುವುದು ಎಲ್ಲರಿಗೂ ಗೊತ್ತು. ಕುಡಿಯದವರು ಯಾಕೆ ಕುಡಿಯುವುದಿಲ್ಲ ಎಂದು ಕೇಳುವುದೇ ನಮ್ಮ ಕೆಲಸ ಭವ್ಯ. ಒಬ್ಬನಿಗೆ ಜಂಬ, ಒಬ್ಬಳಿಗೆ ಮಾನ, ಇನ್ನೊಬ್ಬನಿಗೆ ಕೆಲಸ ಹೋದೀತೆಂಬ ಭಯ. ಪೊಟ್ಟಣ ಹಂಚಿ ಕೈ ತೊಳೆದುಕೊಳ್ಳಬೇಡ.

ಹಲವು ಬೇಸಿಗೆಗಳು ಹೀಗೆ ಕಳೆದವು. ತಲೆಸುತ್ತು, ಸೆಳೆತ, ವಾಂತಿ ಬರುತ್ತಿದ್ದವು, ನೆರಳಲ್ಲಿ ಕೂರಿಸಿ ಕುಡಿಸಿದರೆ ಇಳಿಯುತ್ತಿದ್ದವು. ಶರಣಪ್ಪನಂತೆ ಬಿದ್ದವರು ನಮ್ಮವರಲ್ಲಿ ಯಾರೂ ಇರಲಿಲ್ಲ. ನಾನು ನಿವೃತ್ತಳಾಗಲು ಹೆಚ್ಚು ಕಾಲ ಉಳಿದಿರಲಿಲ್ಲ. ಆಗ ಒಂದು ಏಪ್ರಿಲ್‌ನಲ್ಲಿ ಕೆಂಗೇರಿ ಉಪನಗರದಲ್ಲಿ ನನ್ನ ತಮ್ಮನ ಹೊಸ ಮನೆಯ ಗೃಹಪ್ರವೇಶ. ರಜೆ ಹಾಕಿ, ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೊಬೈಲ್ ನೋಡಿದರೆ ಕಾರ್ಖಾನೆಯಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ವಾಲಗದ ಸದ್ದಿನಲ್ಲಿ ಕೇಳಿಸಿರಲಿಲ್ಲ. ವಾಪಸು ಮಾಡಿದರೆ ಯಾರೂ ಎತ್ತಲಿಲ್ಲ.

ಎಲೆಯ ಮುಂದಿನಿಂದ ಎದ್ದೆ. ತಮ್ಮ ಸಿಟ್ಟು ಮಾಡಿಕೊಂಡ. "ಇವತ್ತೂ ಬಿಡಲ್ವಾ ಅಕ್ಕ ಅವರು?" ಎಂದ. ಆಟೋ ಹಿಡಿದೆ. ಮೈಸೂರು ರಸ್ತೆಯುದ್ದಕ್ಕೂ ಮೆಟ್ರೋಗಾಗಿಯೋ ಯಾವುದಕ್ಕಾಗಿಯೋ ಅಗೆದ ಮಣ್ಣು, ಧೂಳು. ನಾಗರಬಾವಿ ಕಡೆ ತಿರುಗಿಸಿ ಎಂದೆ. ಅಲ್ಲೂ ವಾಹನಗಳ ಸಾಲು. ಯಾರು ಬಿದ್ದರೋ, ಬಿದ್ದು ಎಷ್ಟು ಹೊತ್ತಾಯಿತೋ, ಗಾಡಿಗೆ ಹಾಕಿಬಿಟ್ಟರೋ, ಒಳಗೇ ನೀರು ಸುರಿದುಬಿಟ್ಟರೋ. ದೇವರ ಹೆಸರು ಬಾಯಿಗೆ ಬರಲಿಲ್ಲ, ಮನಸ್ಸಿನಲ್ಲಿ ಬರೀ ನಂಜಪ್ಪ, ನಂಜಪ್ಪ ಎಂದುಕೊಳ್ಳುತ್ತಿದ್ದೆ.

ಗೇಟಿನಲ್ಲಿ ಇಳಿದು ಒಳಗೆ ಓಡಿದೆ. ಹೊಂಗೆ ಮರದ ಕೆಳಗೆ ಗುಂಪು. ಅಲ್ಲ, ಗುಂಪಲ್ಲ. ಪುಟ್ಟತಾಯಮ್ಮ ಕೊಡೆ ಹಿಡಿದು ನಿಂತು, "ಗಾಳಿ ಬಿಡ್ರೋ, ಆಟ ನೋಡಕ್ ಬಂದಿದೀರಾ?" ಎಂದು ಎಲ್ಲರನ್ನೂ ಮಾರು ದೂರ ನಿಲ್ಲಿಸಿದ್ದಳು. ಕಲ್ಲುಹಾಸಿನ ಮೇಲೆ ನನಗೆ ಪರಿಚಯವಿಲ್ಲದ ಒಬ್ಬ ಮನುಷ್ಯ. ಕಬ್ಬಿಣದ ಚೂರು ತಂದಿದ್ದ ಲಾರಿಯ ಹಮಾಲಿ, ನಮ್ಮ ಕಾರ್ಖಾನೆಯವನೂ ಅಲ್ಲ. ಗೇಟಿನ ಹೊರಗೆ ಲೋಡು ಇಳಿಸುವಾಗ ತೊದಲಿದನಂತೆ, ಬಿದ್ದನಂತೆ. ಲಾರಿಯವನು ಇವನಿಗೆ ಇದು ಮಾಮೂಲು, ಮಲಗಲಿ ಬಿಡಿ ಎಂದನಂತೆ. ಶರಣಪ್ಪ ಅವನ ಕುತ್ತಿಗೆ ಮುಟ್ಟಿ ನೋಡಿ ಹೆಗಲ ಮೇಲೆ ಹಾಕಿಕೊಂಡು ಬಂದನಂತೆ.

ಈಗ ಶರಣಪ್ಪ ಪೈಪ್ ಹಿಡಿದಿದ್ದ. ನಂಜಪ್ಪ ಮಂಡಿಯೂರಿ ಕೂತು ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಕಂಕುಳಲ್ಲಿ, ಕುತ್ತಿಗೆಯಲ್ಲಿ ಐಸಿನ ಗಂಟು ಸರಿಯಾಗಿ ಕೂತಿತ್ತು. ಅವನನ್ನು ಮಗ್ಗುಲಿಗೆ ತಿರುಗಿಸಿದ್ದರು. ಶ್ರೀಕಂಠಯ್ಯನವರು ಫೋನಿನಲ್ಲಿ ಆಂಬುಲೆನ್ಸಿನವರಿಗೆ ದಾರಿ ಹೇಳುತ್ತಿದ್ದರು. ನಾನು ಬಗ್ಗಿ ನಾಡಿ ಹಿಡಿದೆ, ಹಣೆ ಮುಟ್ಟಿದೆ. ತಣ್ಣಗಿತ್ತು. ಅವನು ಕಣ್ಣು ಬಿಟ್ಟು ನನ್ನ ರೇಷ್ಮೆ ಸೀರೆ, ಮುಡಿದ ಮಲ್ಲಿಗೆ ನೋಡಿ ಯಾವುದೋ ಮದುವೆ ಮನೆಗೆ ಬಂದೆನೆಂದುಕೊಂಡನೋ ಏನೋ, ಎದ್ದು ಕೂರಲು ಹವಣಿಸಿದ.

"ನಿನ್ನ ಹೆಸರೇನಪ್ಪಾ?"

"ನಾನ್ ಕೇಳಾಯ್ತು ಸಿಸ್ಟರ್" ಎಂದರು ನಂಜಪ್ಪ, ಗಾಳಿ ಹಾಕುವುದನ್ನು ನಿಲ್ಲಿಸದೆ. "ಮುನಿಯಪ್ಪ ಅಂತೆ, ಮಾಗಡಿ ಕಡೆಯೋನು. ಇಬ್ರು ಮಕ್ಳು. ಸರ್ಯಾಗ್ ಹೇಳ್ದ. ನೀವ್ಯಾಕ್ ಬಂದ್ರಿ? ಊಟ ಮಾಡ್ಕಂಡ್ ಬರಬಾರ್ದಾಗಿತ್ತಾ?"

ಆಂಬುಲೆನ್ಸ್ ಬಂತು. ಏನಾಯಿತು, ಹೇಗಿದ್ದ, ಏನು ಮಾಡಿದೆವು ಎಂದು ಶರಣಪ್ಪನೇ ಅವರಿಗೆ ಬಿಡಿಸಿ ಹೇಳಿದ. ನಾನು ಹಿಂದೆ ನಿಂತು ಕೇಳುತ್ತಿದ್ದೆ. ಸೇರಿಸಲು ಒಂದು ಮಾತೂ ಉಳಿದಿರಲಿಲ್ಲ. ಗಾಡಿ ಹೊರಟ ಮೇಲೆ ಮರದ ಕಟ್ಟೆಯ ಮೇಲೆ ಕುಸಿದು ಕೂತೆ. ಬಾಯಿ ಒಣಗಿತ್ತು. ರೇಷ್ಮೆ ಸೀರೆ ಮೈಗೆ ಅಂಟಿಕೊಂಡಿತ್ತು.

ಪುಟ್ಟತಾಯಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದಳು. ಇನ್ನೊಂದು ಕೈಯಲ್ಲಿ ಲೋಟ.

"ಮುಖ ಕೆಂಪಗಾಗೈತೆ ನಿಮ್ದು. ಮಾತಾಡ್‌ಬೇಡಿ, ಮೊದ್ಲು ಕುಡೀರಿ. ಗುಟುಕ್ ಗುಟುಕಾಗಿ."

ಅವಳು ನೋಡುತ್ತಾ ನಿಂತಳು. ನಾನು ಲೋಟ ಖಾಲಿ ಮಾಡುವವರೆಗೂ ಅಲುಗಲಿಲ್ಲ.